ತುಕ್ಕು ಮುಚ್ಚಿದ ತೂತು

ಟ್ಯಾಂಕನ್ನು ತೊಳೆದು, ನೀರು ತುಂಬಿಸಿ, ಅಂಗಳದಲ್ಲಿ ಎರಡು ಕಲ್ಲುಗಳ ಮೇಲೆ ಇಟ್ಟಿದ್ದರು. ಐದು ನಿಮಿಷಕ್ಕೆಲ್ಲ ಕೆಳಗಿನ ಮಣ್ಣು ಒದ್ದೆಯಾಯಿತು. ಬಗ್ಗಿ ನೋಡಿದರೆ ತಳದಲ್ಲಿ ಮೂರು ಕಡೆ ಹನಿ. ಒಂದು ಕಡೆಯಂತೂ ದಾರದ ಹಾಗೆ ಸಣ್ಣಗೆ ಸುರಿಯುತ್ತಿತ್ತು. ನನಗೆ ಸಿಟ್ಟು ಬಂತು. ಬೆಳಿಗ್ಗೆ ಕಾರಿನಿಂದ ಇಳಿಸುವಾಗ ಅದರೊಳಗೆ ನಾಲ್ಕು ಲೀಟರಿನಷ್ಟು ಹಳೇ ಪೆಟ್ರೋಲ್ ಉಳಿದಿತ್ತು. ಆಗ ಒಂದು ಹನಿಯೂ ಸೋರಿರಲಿಲ್ಲ.

“ಏನ್ ಮೇಸ್ತ್ರಿ, ಚೆನ್ನಾಗಿದ್ದಿದ್ದನ್ನ ತೂತು ಮಾಡಿಟ್ರಲ್ಲ?” ಅಂದೆ.

ಅವರು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, “ನಾನೆಲ್ಲಿ ತೂತು ಮಾಡ್ದೆ ಸಾರ್? ತುಕ್ಕು ತೆಗೆದೆ ಅಷ್ಟೆ. ತೂತು ಮೊದ್ಲೇ ಇತ್ತು. ಇಷ್ಟು ದಿನ ತುಕ್ಕೇ ಅದನ್ನ ಮುಚ್ಕೊಂಡಿತ್ತು,” ಅಂದರು.

ಈ ಮಾತು ಆಷಾಢದಲ್ಲಿ ಕೇಳಿದ್ದು. ಈಗ ದೀಪಾವಳಿಯೂ ಕಳೆದಿದೆ. ಇನ್ನೂ ಅದು ತಲೆಯಿಂದ ಹೋಗಿಲ್ಲ.

ಕಾರು ಅಪ್ಪನದು. 1974ರ ಅಂಬಾಸಿಡರ್, ಮಾರ್ಕ್ 2. ಅಪ್ಪ ಅದನ್ನು 1981ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮಾಗಡಿಯಿಂದ ಸಾವನದುರ್ಗದ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಹಿತ್ತಲಿಗೆ ಹೋದರೆ ಬೆಟ್ಟ ಕಾಣುತ್ತದೆ, ಕರಿಗುಡ್ಡ ಬಿಳಿಗುಡ್ಡ ಎರಡೂ. ಮಳೆ ಬಂದು ನಿಂತ ಮೇಲೆ ಬಂಡೆಯ ಮೈಮೇಲಿಂದ ನೀರಿನ ಗೆರೆಗಳು ಇಳಿಯುವುದನ್ನು ನೋಡುತ್ತ ಬೆಳೆದವರು ನಾವು. ಆ ಕಾಲಕ್ಕೆ ಊರಿಗಿದ್ದದ್ದು ಇದೊಂದೇ ಕಾರು. ಹೆರಿಗೆಗೆ, ಮದುವೆಗೆ, ಹೆಣ ತರುವುದಕ್ಕೆ, ಎಲ್ಲಕ್ಕೂ ಇದೇ. 2011ರಲ್ಲಿ ಅಪ್ಪ ಹೋದ ಮೇಲೆ ಅದನ್ನು ಕೊಟ್ಟಿಗೆಗೆ ತಳ್ಳಿ ಟಾರ್ಪಾಲು ಹೊದಿಸಿದೆವು. ಮೊದಮೊದಲು ವಾರಕ್ಕೊಮ್ಮೆ ಸ್ಟಾರ್ಟ್ ಮಾಡೋಣ ಅಂದುಕೊಂಡಿದ್ದೆವು. ಆಮೇಲೆ ತಿಂಗಳಿಗೊಮ್ಮೆ ಅಂತಾಯಿತು. ಕೊನೆಗೆ ಕೋಳಿ ಮೊಟ್ಟೆಯಿಡುವ ಜಾಗವಾಯಿತು.

ಮತ್ತೆ ಹೊರಡಿಸಬೇಕು ಅನ್ನಿಸಿದ್ದು ಅತ್ತೆಯಿಂದ. ಅಪ್ಪನ ತಂಗಿ, ಈಗ 78 ವರ್ಷ. ಎರಡು ಊರಿನಾಚೆ ಇರುತ್ತಾರೆ. ಮಂಡಿ ನೋವು, ಬಸ್ಸು ಹತ್ತಲಾಗುವುದಿಲ್ಲ. “ಶ್ರಾವಣದಲ್ಲಿ ಒಂದ್ ಸಲ ಸಾವಂದಿ ವೀರಭದ್ರನ್ನ ನೋಡ್ಕೊಂಡು ಬರ್ಬೇಕು ಮಗ. ನಿಮ್ಮಪ್ಪನ ಕಾರಲ್ಲಿ ಹೋಗಿದ್ದೇ ಕೊನೆ,” ಅಂದರು. ನನ್ನ ಹತ್ತಿರ ಬೇರೆ ಕಾರಿದೆ, ಅದರಲ್ಲೇ ಕರೆದುಕೊಂಡು ಹೋಗಬಹುದಿತ್ತು. ಆದರೆ ಅವರ ಬಾಯಲ್ಲಿ ‘ನಿಮ್ಮಪ್ಪನ ಕಾರು’ ಅಂತ ಕೇಳಿದಾಗ ನನಗೆ ಇನ್ನೊಂದು ಪ್ರಯಾಣ ನೆನಪಾಯಿತು. ಅದನ್ನು ಮುಂದೆ ಹೇಳುತ್ತೇನೆ.

ನಿಂತ ಕಾರಿನಲ್ಲಿ ಏನೇನಾಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಓಡುವ ಗಾಡಿ ಸವೆಯುತ್ತದೆ, ನಿಂತದ್ದು ಹಾಗೇ ಇರುತ್ತದೆ ಅಂದುಕೊಂಡಿದ್ದೆ. ನಿಜವೇನೆಂದರೆ ನಿಂತದ್ದೂ ಸವೆಯುತ್ತದೆ, ಬೇರೆ ಥರ. ಟ್ಯಾಂಕು ಪೂರ್ತಿ ತುಂಬಿರದಿದ್ದರೆ ಮೇಲಿನ ಖಾಲಿ ಜಾಗದಲ್ಲಿ ಗಾಳಿ ಇರುತ್ತದೆ. ಗಾಳಿಯಲ್ಲಿ ತೇವ ಇರುತ್ತದೆ. ಹಗಲು ಕಾದು ರಾತ್ರಿ ತಣ್ಣಗಾಗುವಾಗ ಆ ತೇವ ಒಳಗೋಡೆಯ ಮೇಲೆ ಇಬ್ಬನಿಯಾಗಿ ಕೂತು ಕೆಳಗಿಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಆದ್ದರಿಂದ ತಳ ಸೇರುತ್ತದೆ. ಮೇಲೆ ಪೆಟ್ರೋಲ್, ಅದರಡಿ ಯಾರಿಗೂ ಕಾಣದ ನೀರು. ತಗಡು ಕೆಳಗಿನಿಂದ ತುಕ್ಕು ಹಿಡಿಯುವುದು ಹೀಗೆ. ಪೆಟ್ರೋಲೂ ಸುಮ್ಮನಿರುವುದಿಲ್ಲ, ಹಗುರವಾದ ಅಂಶಗಳು ಆರಿಹೋಗಿ ಉಳಿದದ್ದು ಅಂಟಂಟಾಗುತ್ತದೆ. ನಮ್ಮ ಟ್ಯಾಂಕಿನಿಂದ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ದ್ರವ, ಹಳೇ ಬೀರುವಿನ ವಾರ್ನಿಷ್ ವಾಸನೆ.

ಮೇಸ್ತ್ರಿ ಹುಡುಗನಾಗಿದ್ದಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೆಲಸ ಕಲಿತವರು. ಟ್ಯಾಂಕಿನೊಳಗೆ ಒಂದು ಹಿಡಿ ನಟ್ಟುಗಳನ್ನೂ ಒಂದು ಸೈಕಲ್ ಚೈನನ್ನೂ ಹಾಕಿ, ಬಾಯಿ ಮುಚ್ಚಿ, ಇಬ್ಬರು ಹಿಡಿದು ಮೊರದಲ್ಲಿ ರಾಗಿ ಕೇರಿದ ಹಾಗೆ ಅಲ್ಲಾಡಿಸಿದರು. ಆಮೇಲೆ ಆಸಿಡ್ಡಿನ ನೀರು. ಅಮ್ಮ ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದಳಲ್ಲ, ಅದೇ ಲೆಕ್ಕ. ಹುಳಿ ಕಿಲುಬನ್ನು ತಿನ್ನುತ್ತದೆ. ಕೊನೆಗೆ ಆ ಹುಳಿಯನ್ನು ಮುರಿಯಲು ಅಡುಗೆ ಸೋಡಾ. ಹೊರಬಂದ ನೀರು ನಮ್ಮ ಹೊಲದ ಮಣ್ಣಿನ ಬಣ್ಣವೇ. ಅದು ಬರೀ ಹೋಲಿಕೆಯಲ್ಲ. ಈ ಸೀಮೆಯ ಮಣ್ಣು ಕೆಂಪಗಿರುವುದು ಕಬ್ಬಿಣದ ಆಕ್ಸೈಡಿನಿಂದ, ತುಕ್ಕು ಅನ್ನುವುದೂ ಅದೇ ಕುಲದ್ದು. ಮಣ್ಣಿನಿಂದ ತೆಗೆದ ಕಬ್ಬಿಣ ಬಿಟ್ಟರೆ ಮತ್ತೆ ಮಣ್ಣಾಗುತ್ತದೆ.

ಟ್ಯಾಂಕು ಸೋರಿದ ದಿನ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ಬೆಂಗಳೂರಿನಲ್ಲಿರುತ್ತಾನೆ. “ಅದಕ್ಕೇ ಹೇಳೋದು, ಕೂತಿರೋದನ್ನ ಕೆದಕಬಾರದು ಅಂತ,” ಅಂದ. ಅವನು ಹೇಳಿದ್ದು ಟ್ಯಾಂಕಿಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಈಗ ಆ ಇನ್ನೊಂದು ಪ್ರಯಾಣ. ನಮ್ಮ ಅಜ್ಜ ತೀರಿಕೊಂಡದ್ದು 1982ರಲ್ಲಿ. ಅಜ್ಜಿ ಮೊದಲೇ ಹೋಗಿದ್ದರು. ಉಳಿದವರು ಅಪ್ಪ, ಅತ್ತೆ. ನಾಲ್ಕು ಎಕರೆ ಪಿತ್ರಾರ್ಜಿತ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಲೆಕ್ಕದಲ್ಲಿ ಅಜ್ಜನ ಅರ್ಧ ಪಾಲು ಮಗನಿಗೂ ಮಗಳಿಗೂ ಸಮವಾಗಿ ಹೋಗಬೇಕು. ಅಂದರೆ ಒಟ್ಟಿನಲ್ಲಿ ಕಾಲು ಭಾಗ, ಒಂದು ಎಕರೆ, ಅತ್ತೆಯದು. 1983ರ ಗೌರಿ ಹಬ್ಬಕ್ಕೆ ಅತ್ತೆ ತವರಿಗೆ ಬಂದರು. ಬಾಗಿನ ಕೊಟ್ಟಾಯಿತು. ಹಬ್ಬ ಕಳೆದ ಮೇಲೆ ಅಪ್ಪ ಅವರನ್ನು ಇದೇ ಕಾರಿನಲ್ಲಿ ಮಾಗಡಿಯ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದರು. ಹಕ್ಕುಬಿಡುಗಡೆ ಪತ್ರಕ್ಕೆ ರುಜು. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ. ನಾನಾಗ ಚಿಕ್ಕವನು, ಮುಂದಿನ ಸೀಟಿನಲ್ಲಿ ಕೂತಿದ್ದೆ.

ಆಮೇಲೆ ನಮ್ಮ ಮನೆಯಲ್ಲಿ ಒಂದು ಕತೆ ಬೆಳೆಯಿತು. “ನನ್ನ ತಂಗಿ ತಾನಾಗೇ ಬಂದು ಬಿಟ್ಟುಕೊಟ್ಟಳು. ದೊಡ್ಡ ಮನಸ್ಸು,” ಅಂತ ಅಪ್ಪ ಮದುವೆಮನೆಗಳಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ ಹೇಳುತ್ತಿದ್ದರು. ಕೇಳಿದವರೆಲ್ಲ ತಲೆದೂಗುತ್ತಿದ್ದರು. ಅತ್ತೆ ಎದುರಿಗಿದ್ದರೆ ನಗುತ್ತಿದ್ದರು. ಎರಡು ಮನೆಯ ನಡುವೆ ಒಂದು ದಿನವೂ ಜಗಳವಾಗಲಿಲ್ಲ. ಸೋರದ ಟ್ಯಾಂಕು.

ಇಂಥ ಕತೆ ನಮ್ಮದೊಂದೇ ಅಲ್ಲ ಅಂತ ಓದುತ್ತಿರುವವರಿಗೆ ಗೊತ್ತು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ತಂದಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂತು. 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಆ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಬೇಕು ಅಂತೇನಿಲ್ಲ ಅಂದಿತು. ನಾನು ಒಬ್ಬ ವಕೀಲರನ್ನು ಕೇಳಿದೆ. ಅವರು ಪತ್ರದ ನಕಲು ನೋಡಿ, “ರಿಜಿಸ್ಟರ್ ಆಗಿ ನಲವತ್ತು ವರ್ಷ ಆಗಿದೆ. ಅವರೇ ರುಜು ಹಾಕಿದ್ದಾರೆ. ನಿಮ್ಮತ್ತೆಗೆ ಈಗ ಕಾನೂನಿನಲ್ಲಿ ಏನೂ ಬರೋದಿಲ್ಲ, ನೀವು ಆರಾಮಾಗಿರಿ,” ಅಂದರು. ಕಾನೂನು ಮುಗಿಯಿತು ಅಂತ ಅವರು ಹೇಳಿದಾಗಲೇ ನನಗೆ ಪ್ರಶ್ನೆ ಶುರುವಾದದ್ದು. ಕೋರ್ಟು ಬಲವಂತ ಮಾಡುವ ಹಾಗಿದ್ದರೆ ಅದು ಕೋರ್ಟಿನ ವಿಷಯ. ಯಾರೂ ಕೇಳುವವರಿಲ್ಲದಾಗ ಮಾತ್ರ ಅದು ನನ್ನ ವಿಷಯ.

ಅಣ್ಣನ ವಾದವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವನು ದುರಾಸೆಯವನಲ್ಲ. ಅವನು ಹೇಳುವುದಿಷ್ಟು: ಅಪ್ಪ ಇಲ್ಲ, ಉತ್ತರ ಹೇಳಲು ಬರುವುದಿಲ್ಲ. ಅತ್ತೆ ಯಾವತ್ತೂ ಕೇಳಿಲ್ಲ. ಎರಡು ಮನೆಯವರು ಹಬ್ಬಕ್ಕೆ ಹೋಗಿಬಂದು ಮಾಡುತ್ತಿದ್ದೇವೆ. ಬೆಂಗಳೂರು ಈ ಕಡೆ ಬೆಳೆದು ಎಕರೆಯ ಬೆಲೆ ಕೇಳಲಾಗದಷ್ಟಾಗಿದೆ; ಈಗ ಬಾಯಿ ಬಿಟ್ಟರೆ ಅತ್ತೆಯ ಮಕ್ಕಳು, ಮೊಮ್ಮಕ್ಕಳು, ಅವರವರಲ್ಲೇ ಜಗಳ. ನಿನ್ನ ಮನಸ್ಸಿನ ಸಮಾಧಾನಕ್ಕೆ ನಾಲ್ಕು ಸಂಸಾರ ಯಾಕೆ ಕದಡುತ್ತೀಯ?

ಈ ಕೊನೆಯ ಮಾತು ಚುಚ್ಚಿತು, ಯಾಕೆಂದರೆ ಅದರಲ್ಲಿ ನಿಜವಿದೆ. ಸತ್ಯ ಹೇಳುವವನಿಗೆ ಸತ್ಯ ಹೇಳಿದ ಸುಖ ಸಿಗುತ್ತದೆ, ಅದರ ಖರ್ಚು ಬೇರೆಯವರ ತಲೆಯ ಮೇಲೆ ಬೀಳುತ್ತದೆ. ಮೇಸ್ತ್ರಿಯ ಕಸುಬಿನಲ್ಲೂ ಈ ನೀತಿಯಿದೆ. “ಓಡೋ ಗಾಡಿಗೆ ಕೈ ಹಾಕ್ಬೇಡಿ ಸಾರ್” ಅಂತ ಅವರೇ ನೂರು ಸಲ ಹೇಳಿದ್ದಾರೆ. ಹಳೇ ಯಂತ್ರದಲ್ಲಿ ಒಂದಕ್ಕೊಂದು ಸವೆದು ಹೊಂದಿಕೊಂಡಿರುತ್ತವೆ. ಒಂದನ್ನು ಹೊಸದು ಮಾಡಿದರೆ ಪಕ್ಕದ್ದು ಮುರಿಯುತ್ತದೆ. ಸಂಸಾರಗಳೂ ಹಾಗೇ ಸವೆದು ಹೊಂದಿಕೊಂಡಿರುತ್ತವೆ.

ಹಾಗಾದರೆ ತುಕ್ಕನ್ನು ಇರುವ ಹಾಗೆ ಬಿಡಬೇಕೇ? ಅಂಗಳದಲ್ಲಿ ಆ ಸೋರುವ ಟ್ಯಾಂಕನ್ನು ನೋಡುತ್ತ ನನಗೆ ನಿಧಾನವಾಗಿ ಒಂದು ವಿಷಯ ಹೊಳೆಯಿತು. ತೂತನ್ನು ಮುಚ್ಚಿದ ತುಕ್ಕು ಹೊರಗಿನಿಂದ ಬಂದ ಪುಣ್ಯಾತ್ಮನಲ್ಲ. ತೂತು ಮಾಡಿದ್ದೂ ಅದೇ. ತಗಡನ್ನು ತಿಂದು, ತಿಂದ ಜಾಗದಲ್ಲಿ ತಾನೇ ಕೂತುಕೊಂಡಿತ್ತು. ಅಷ್ಟೇ ಅಲ್ಲ, ಮುಚ್ಚಿಕೊಂಡು ಕೂತಿರುವಾಗಲೂ ಸುತ್ತಲಿನ ತಗಡನ್ನು ತಿನ್ನುತ್ತಲೇ ಇತ್ತು. ನಾಲ್ಕೈದು ವರ್ಷ ಬಿಟ್ಟಿದ್ದರೆ ಬೆಸುಗೆ ಹಾಕಲು ಗಟ್ಟಿ ಅಂಚೇ ಸಿಗುತ್ತಿರಲಿಲ್ಲ ಅಂದರು ಮೇಸ್ತ್ರಿ. ‘ಇರುವ ಹಾಗೆ ಬಿಡುವುದು’ ಅನ್ನುವುದೇ ಇಲ್ಲ. ಬಿಟ್ಟದ್ದು ಇರುವ ಹಾಗೆ ಇರುವುದಿಲ್ಲ.

ಅಪ್ಪನ ಕತೆಯೂ ಹಾಗೆಯೇ ಅಲ್ಲವೇ ಅನ್ನಿಸಿತು. ‘ತಾನಾಗೇ ಬಿಟ್ಟುಕೊಟ್ಟಳು’ ಅನ್ನುವ ಮಾತು ಎರಡು ಮನೆಯ ನಡುವಿನ ಪ್ರೀತಿಯನ್ನು ಸೋರದಂತೆ ಹಿಡಿದಿದೆ ಅಂತ ನಾವು ತಿಳಿದಿದ್ದೆವು. ಅದು ಯಾರನ್ನು ತಿನ್ನುತ್ತಿತ್ತು ಅಂತ ಕೇಳಿರಲಿಲ್ಲ.

ಹಳೇ ಕಾರನ್ನು ರಿಪೇರಿ ಮಾಡುವವರಿಗೆ ತತ್ವಜ್ಞಾನಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಬೇರೆ. ಗ್ರೀಕರ ಥೀಸಿಯಸ್ಸಿನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿದರೆ ಅದು ಅದೇ ಹಡಗೋ ಅಂತ ಪ್ಲೂಟಾರ್ಕ್ ಬರೆದ. ನಮ್ಮಲ್ಲಿ ನಾಗಸೇನ ಎಂಬ ಭಿಕ್ಷು ಮಿಲಿಂದ ರಾಜನಿಗೆ, ನೀನು ಬಂದ ರಥ ಯಾವುದು, ಗಾಲಿಯೋ ಅಚ್ಚೋ ನೊಗವೋ ಅಂತ ಕೇಳಿದ. ನಮ್ಮ ಸರ್ಕಾರವೂ 2021ರಲ್ಲಿ ಈ ಚರ್ಚೆಗೆ ತನ್ನ ಉತ್ತರ ಕೊಟ್ಟಿದೆ: 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದೆ ಮೂಲರೂಪದಲ್ಲೇ ಇದ್ದರೆ ಅದು ವಿಂಟೇಜ್ ವಾಹನ, 20,000 ರೂಪಾಯಿ ಕಟ್ಟಿ ನೋಂದಾಯಿಸಿಕೊಳ್ಳಬಹುದು, ಆದರೆ ದಿನನಿತ್ಯ ಓಡಿಸುವ ಹಾಗಿಲ್ಲ. ಚಂದದ ಪ್ರಶ್ನೆಗಳೇ. ಆದರೆ ಕೊಟ್ಟಿಗೆಯಲ್ಲಿ ನನ್ನೆದುರು ಇದ್ದ ಪ್ರಶ್ನೆ ಇದು ಅದೇ ಕಾರೇ ಎನ್ನುವುದಲ್ಲ. ಅದು ಅದೇ ಕಾರು ಅನ್ನುವುದೇ ಕಷ್ಟ. ಅತ್ತೆ ರುಜು ಹಾಕಲು ಹೋದ ಅದೇ ಕಾರು. ಕಾರನ್ನು ಅಪ್ಪನಿಂದ ಪಡೆದವನು ಅದರ ತಳದಲ್ಲಿರುವ ನೀರನ್ನೂ ಪಡೆದಿರುತ್ತಾನೆ.

ಬೆಸುಗೆಯ ದಿನ ನಾನು ಕಲಿತದ್ದು ಇನ್ನೊಂದು. ತುಂಬಿದ ಪೆಟ್ರೋಲ್ ಟ್ಯಾಂಕು ಅಪಾಯ, ಖಾಲಿಯಾದದ್ದು ಏನೂ ಮಾಡುವುದಿಲ್ಲ ಅಂತ ನಾನು ತಿಳಿದಿದ್ದೆ. ತಲೆಕೆಳಗು. ದ್ರವ ಪೆಟ್ರೋಲ್ ಸಿಡಿಯುವುದಿಲ್ಲ. ಸಿಡಿಯುವುದು ಗಾಳಿಯ ಜೊತೆ ಬೆರೆತ ಆವಿ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಇದ್ದರೂ ಒಂದು ಕಿಡಿ ಸಾಕು. ಖಾಲಿ ಅಂದುಕೊಂಡ ಟ್ಯಾಂಕಿಗೆ ಬೆಂಕಿ ಹಿಡಿದು ಜೀವ ಕಳೆದುಕೊಂಡ ವೆಲ್ಡರುಗಳಿದ್ದಾರೆ. ಅದಕ್ಕೇ ಮೇಸ್ತ್ರಿ ಆತುರ ಮಾಡಲಿಲ್ಲ. ಸೋಪಿನ ಬಿಸಿನೀರಿನಲ್ಲಿ ಮೂರು ಸಲ ತೊಳೆದರು. ಎರಡು ದಿನ ಬಾಯಿ ತೆರೆದು ಗಾಳಿಗೆ ಇಟ್ಟರು. ಆಮೇಲೂ ನಂಬಲಿಲ್ಲ. ತೂತು ಮೇಲೆ ಬರುವ ಹಾಗೆ ಟ್ಯಾಂಕನ್ನು ತಿರುಗಿಸಿ, ತೂತಿನ ಹತ್ತಿರದವರೆಗೂ ನೀರು ತುಂಬಿ, ಬೆಂಕಿ ತಾಗುವ ಕಡೆ ಮಾತ್ರ ಬೆರಳಗಲ ಗಾಳಿ ಬಿಟ್ಟು, ಆಮೇಲೆ ಬೆಸುಗೆಗೆ ಕೂತರು. ನನ್ನನ್ನು ದೂರ ಕಳಿಸಿದರು.

ಸತ್ಯ ಹೇಳುವುದಕ್ಕೂ ಇಂಥ ಶಿಸ್ತು ಬೇಕು ಅಂತ ಆವತ್ತು ಅನ್ನಿಸಿತು. ಮುಚ್ಚಿದ್ದನ್ನು ತೆರೆಯುವ ಹಕ್ಕು ಯಾರಿಗೆ? ಬೆಸುಗೆಯ ಸಾಮಾನು ಇಟ್ಟುಕೊಂಡು ಬಂದವನಿಗೆ. ತುಕ್ಕು ಕೆರೆದು, “ನೋಡಿ ತೂತು” ಅಂತ ತೋರಿಸಿ ಎದ್ದು ಹೋಗುವವನಿಗಲ್ಲ. ನಾನು ಅತ್ತೆಯ ಹತ್ತಿರ ಬಾಯಿ ಬಿಡುವ ಮೊದಲು ಏನು ಕೊಡಬಲ್ಲೆ ಅಂತ ಲೆಕ್ಕ ಹಾಕಬೇಕಿತ್ತು. ಅತ್ತೆಯ ಒಂದು ಎಕರೆ ಈಗ ನಮ್ಮಿಬ್ಬರ ಪಾಲಿನಲ್ಲಿದೆ, ನನ್ನ ಕಡೆ 20 ಗುಂಟೆ, ಅಣ್ಣನ ಕಡೆ 20 ಗುಂಟೆ. ಅಣ್ಣನದ್ದನ್ನು ಕೊಡಲು ನನಗೆ ಹಕ್ಕಿಲ್ಲ. ನನ್ನ 20 ಗುಂಟೆಯ ಬಗ್ಗೆ ಮಾತ್ರ ನಾನು ಮಾತಾಡಬಹುದು. ಹೆಂಡತಿಯನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂಗೂ ನಮ್ಮ ಮನೇಲಿ ಸೀರೆನೇ ಕೊಟ್ಟಿದ್ದು,” ಅಂದಳು. ಮುಂದೆ ಏನೂ ಹೇಳಲಿಲ್ಲ.

ಆ ದಿನಗಳಲ್ಲಿ ಇನ್ನೊಂದು ನೆನಪೂ ಕಾಡುತ್ತಿತ್ತು. ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾದ ಗುಹೆಯ ಭಾಗಗಳನ್ನು ಸಾವನದುರ್ಗದಲ್ಲಿ ಚಿತ್ರೀಕರಿಸಿದ. 1984ರಲ್ಲಿ ತೆರೆಕಂಡ ಸಿನಿಮಾ. ದೊಡ್ಡವನಾದ ಮೇಲೆ ಅದರ ಮೂಲ ಕಾದಂಬರಿ, ಇ.ಎಂ. ಫಾರ್ಸ್ಟರನದು, ಓದಿದೆ. ಗುಹೆಯಲ್ಲಿ ತನ್ನ ಮೇಲೆ ಕೈ ಮಾಡಿದ ಅಂತ ಒಬ್ಬ ವೈದ್ಯನ ಮೇಲೆ ಆರೋಪ ಹೊರಿಸಿದ ಹುಡುಗಿ ಕೋರ್ಟಿನಲ್ಲಿ ನಿಂತು ಇಲ್ಲ, ಅವನು ಬರಲಿಲ್ಲ ಅನ್ನುತ್ತಾಳೆ. ನಿಜ ಹೊರಬರುತ್ತದೆ, ವೈದ್ಯ ಬಿಡುಗಡೆಯಾಗುತ್ತಾನೆ. ಆದರೆ ಯಾವುದೂ ಮೊದಲಿನ ಹಾಗಾಗುವುದಿಲ್ಲ, ಗೆಳೆತನಗಳು ಕೂಡ. ನಮ್ಮೂರ ಬಂಡೆಯ ನೆರಳಲ್ಲಿ ತೆಗೆದ ಆ ಕತೆ ನನಗೆ ಒಂದು ಎಚ್ಚರ ಹೇಳಿತ್ತು: ನಿಜ ಒಡೆದದ್ದನ್ನು ಜೋಡಿಸುತ್ತದೆ ಅಂತ ಖಾತ್ರಿಯಿಲ್ಲ. ಜೋಡಿಸುತ್ತದೆ ಅಂತಲೇ ಹೇಳಹೊರಟರೆ ಅದು ವ್ಯಾಪಾರ. ಜೋಡಿಸದಿದ್ದರೂ ಹೇಳಬೇಕು ಅನ್ನಿಸಿದಾಗ ಮಾತ್ರ ಹೇಳಬೇಕು.

ಟ್ಯಾಂಕು ಗಟ್ಟಿಯಾಯಿತು. ಒಳಗೆ ಸೀಲರ್ ಬಳಿದು ಒಣಗಿಸಿದ್ದೂ ಆಯಿತು. ನಾನು ಬೀಗದ ಕೈ ಹಿಡಿದುಕೊಂಡು ನಿಂತೆ. ಮೇಸ್ತ್ರಿ ನಕ್ಕರು. ಟ್ಯಾಂಕು ಸರಿಯಾದರೆ ಕಾರು ಸರಿಯಾದ ಹಾಗಲ್ಲ. 14 ವರ್ಷ ಆ ಟ್ಯಾಂಕಿನಿಂದ ಏನೇನು ಹರಿದಿದೆಯೋ ಅದೆಲ್ಲ ಮುಂದೆ ಕೂತಿರುತ್ತದೆ, ಪೈಪಿನಲ್ಲಿ, ಪಂಪಿನಲ್ಲಿ, ಕಾರ್ಬುರೇಟರಿನ ಕೂದಲೆಳೆಯಂಥ ಜೆಟ್ಟಿನಲ್ಲಿ. ಲೋಹದ ಪೈಪಿಗೆ ಗಾಳಿ ಊದಿದರು. ರಬ್ಬರ್ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿದರು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಎಥನಾಲ್, ಅದಕ್ಕೆ ಹಳೇ ರಬ್ಬರ್ ತಡೆಯುವುದಿಲ್ಲ, ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಪ್ಲಗ್ಗುಗಳನ್ನು ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಚೂರು ಎಣ್ಣೆ ಬಿಟ್ಟು, ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲೇ ಎಂಜಿನ್ ತಿರುಗಿಸಿದರು. ಮೊದಲು ಮಿಸುಕಲಿಲ್ಲ. ಎರಡನೇ ದಿನ ತಿರುಗಿತು. ಆಮೇಲೆ ಬ್ರೇಕು. “ಹೊರಡೋದಕ್ಕೆ ಮುಂಚೆ ನಿಲ್ಲುತ್ತಾ ನೋಡ್ಬೇಕು ಸಾರ್.”

ಮೊದಲ ಸಲ ಟ್ಯಾಂಕಿನಿಂದ ಸ್ಟಾರ್ಟ್ ಮಾಡಲೇ ಇಲ್ಲ. ಒಂದು ಸಣ್ಣ ಕ್ಯಾನಿನಲ್ಲಿ ಹೊಸ ಪೆಟ್ರೋಲ್ ಹಾಕಿ, ಎತ್ತರಕ್ಕೆ ಕಟ್ಟಿ, ಪೈಪನ್ನು ನೇರ ಕಾರ್ಬುರೇಟರಿಗೆ ಕೊಟ್ಟರು. ಎಂಜಿನ್ ಆರೋಗ್ಯ ಬೇರೆ, ಟ್ಯಾಂಕಿನ ಆರೋಗ್ಯ ಬೇರೆ. ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡಿದರೆ ತಪ್ಪು ಯಾರದು ಅಂತ ಗೊತ್ತಾಗುವುದಿಲ್ಲ. ನಾಲ್ಕು ಸಲ ಸೆಲ್ಫ್ ಹೊಡೆದರು, ಪ್ರತಿ ಸಲ ಐದಾರು ಸೆಕೆಂಡು ಮಾತ್ರ, ನಡುವೆ ಬ್ಯಾಟರಿಗೆ ವಿರಾಮ. ಐದನೆಯದಕ್ಕೆ ಕೆಮ್ಮಿತು. ಚೋಕ್ ಎಳೆದು ಮತ್ತೊಮ್ಮೆ. ಬಿಳಿ ಹೊಗೆ, ಸುಟ್ಟ ಎಣ್ಣೆಯ ವಾಸನೆ, ಕೊಟ್ಟಿಗೆಯ ಕೋಳಿಗಳೆಲ್ಲ ಹಾರಿದವು. 1,489 ಸಿಸಿಯ ಆ ಎಂಜಿನ್ನಿನ ಶಬ್ದ ಕೇಳಿ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಬಂದಾಗ ನಿಲ್ಲುತ್ತಿದ್ದ ಹಾಗೇ.

ಮಾರನೆ ದಿನ ಟ್ಯಾಂಕಿಗೆ ಐದು ಲೀಟರ್ ಮಾತ್ರ ಹಾಕಿ, ಕೀ ತಿರುಗಿಸದೆ, ಪಂಪಿನ ಪುಟ್ಟ ಸನ್ನೆಯನ್ನು ಕೈಯಲ್ಲೇ ಒತ್ತಿ ಪೆಟ್ರೋಲ್ ಎಳೆದು, ಒಂದೊಂದು ಜಾಯಿಂಟಿಗೂ ಒಣ ಬಟ್ಟೆ ಒತ್ತಿ ಒದ್ದೆಯಾಗುತ್ತದಾ ನೋಡಿದರು. ಆಗಲಿಲ್ಲ. ಸ್ಟಾರ್ಟ್ ಮಾಡಿದರೆ ಒಂದೇ ಏಟಿಗೆ ಹಿಡಿಯಿತು. ಸಂತೋಷದಲ್ಲಿ ನಾನೊಬ್ಬನೇ ಬೆಟ್ಟದ ರಸ್ತೆಗೆ ಹೊರಟೆ. ನಾಲ್ಕು ಕಿಲೋಮೀಟರ್ ದಾಟುವಷ್ಟರಲ್ಲಿ ಏರಿನಲ್ಲಿ ನಿಂತುಹೋಯಿತು. ಫಿಲ್ಟರ್ ಬಿಚ್ಚಿದರೆ ಕೆಂಪು ಪುಡಿ. ಅಷ್ಟು ತೊಳೆದಿದ್ದರೂ ಎಲ್ಲೋ ಮೂಲೆಯಲ್ಲಿ ಉಳಿದದ್ದು ಓಡಿದಾಗಲೇ ಹೊರಬಂದದ್ದು. ಮೇಸ್ತ್ರಿಗೆ ಫೋನ್ ಮಾಡಿದರೆ, “ಬರುತ್ತೆ ಸಾರ್. ಮೂರ್ನಾಲ್ಕು ಫಿಲ್ಟರ್ ತಿನ್ನುತ್ತೆ. ಎಕ್ಸ್‌ಟ್ರಾ ಡಿಕ್ಕಿಲಿ ಇಟ್ಕೊಳಿ,” ಅಂದರು. ಅವರಿಗೆ ಅದು ಸೋಲಲ್ಲ, ರಿಪೇರಿಯ ಒಂದು ಭಾಗ.

ಶ್ರಾವಣದ ಒಂದು ಸೋಮವಾರ ಅತ್ತೆಯನ್ನು ಕರೆದುಕೊಂಡು ಹೊರಟೆ. ಡಿಕ್ಕಿಯಲ್ಲಿ ಎರಡು ಫಿಲ್ಟರ್. ಅತ್ತೆ ಮುಂದೆ ಕೂರಲಿಲ್ಲ, ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತರು. ತಾವರೆಕೆರೆ ಕಡೆಯಿಂದ ಬರುವ ಬೈಕುಗಳು ನಮ್ಮನ್ನು ನೋಡಿ ಹಾರ್ನ್ ಹೊಡೆದು ಕೈ ಬೀಸುತ್ತಿದ್ದವು, ಹುಡುಗರು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಿದ್ದರು. ನಾನು ಕನ್ನಡಿಯಲ್ಲಿ ಅತ್ತೆಯ ಮುಖ ನೋಡುತ್ತ, ಹೇಗೆ ಶುರು ಮಾಡುವುದು ಅಂತ ಯೋಚಿಸುತ್ತಿದ್ದೆ. ಬೆಟ್ಟ ಎದುರಿಗೆ ಬಂದಾಗ ಕೇಳಿಬಿಟ್ಟೆ.

“ಅತ್ತೆ, ಅವತ್ತು ಮಾಗಡಿಗೆ ಹೋಗಿದ್ದು ಇದೇ ಕಾರಲ್ಲಿ ಅಲ್ವಾ?”

ಯಾವತ್ತು ಅಂತ ಅವರು ಕೇಳಲಿಲ್ಲ. “ಹೂಂ, ಇದೇ ಸೀಟು. ಆವಾಗ ರೆಕ್ಸಿನ್ನು ಕೆಂಪಗಿತ್ತು. ನೀನು ಮುಂದೆ ಕೂತಿದ್ದೆ,” ಅಂದರು. ಸ್ವಲ್ಪ ದೂರ ಹೋದ ಮೇಲೆ, “ಹೋಗ್ತಾ ನಿಮ್ಮಪ್ಪ ಒಂದ್ ಮಾತೂ ಆಡ್ಲಿಲ್ಲ. ಎಳನೀರು ಕೊಡಿಸ್ದ. ಬರ್ತಾ ಬಾಯಿ ಮುಚ್ಚದೆ ಮಾತಾಡ್ದ,” ಅಂದರು.

ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಹೇಳಬೇಕಾದ್ದನ್ನು ಹೇಳಿದೆ, ಲೆಕ್ಕ, 20 ಗುಂಟೆ, ಎಲ್ಲ. ಅತ್ತೆ ಹೊರಗೆ ನೋಡುತ್ತಿದ್ದರು. ಕೊನೆಗೆ ಅಂದದ್ದು ಇಷ್ಟು: “ಕೇಳಿದ್ರೆ ಕೊಡ್ತಿದ್ದೆ ಮಗ. ನಮ್ಮಣ್ಣ ಅಲ್ವಾ. ಕೇಳ್ಲಿಲ್ಲ, ರುಜು ಹಾಕಿಸ್ಕೊಂಡ. ಅದೂ ಹೋಗ್ಲಿ. ಆಮೇಲೆ ನಾನೇ ಬಂದು ಕೊಟ್ಟೆ ಅಂತ ಊರೆಲ್ಲ ಹೇಳ್ಕೊಂಡು ಬಂದ್ನಲ್ಲ, ನಾನು ಎದುರಿಗಿದ್ದಾಗ್ಲೂ ಹೇಳ್ತಿದ್ನಲ್ಲ, ಆವಾಗ ನಗ್ಬೇಕಾಗ್ತಿತ್ತು ನೋಡು, ಅದು.”

ಅವರ ನಗುವನ್ನು ನಾನು 40 ವರ್ಷ ನೋಡಿದ್ದೆ. ಅದನ್ನು ಪ್ರೀತಿ ಅಂತಲೇ ಓದಿಕೊಂಡಿದ್ದೆ. ಪ್ರೀತಿಯೂ ಇತ್ತು, ಇಲ್ಲ ಅನ್ನಲಾರೆ. ಅದರಡಿ ನೀರೂ ಇತ್ತು.

“ಜಮೀನಿನ ಮಾತು ನನ್ನ ಮಕ್ಕಳ ಹತ್ರ ಆಡು. ನನಗೆ ಬೇಕಾದ್ದು ಬೇರೆ. ಈ ಸಲ ಗೌರಿ ಹಬ್ಬಕ್ಕೆ ಎಲ್ರೂ ಸೇರ್ತೀರಲ್ಲ, ಆವಾಗ ನಿಜ ಏನು ಅಂತ ಹೇಳ್ಬಿಡು. ನಿಮ್ಮಪ್ಪನ್ನ ಬೈಬೇಡ. ಇದ್ದದ್ದು ಇದ್ದ ಹಾಗೆ ಹೇಳು.”

ದೇವಸ್ಥಾನದಲ್ಲಿ ಅವರು ಮಂಗಳಾರತಿಗೆ ಕೈ ಮುಗಿದು ಬಹಳ ಹೊತ್ತು ನಿಂತರು. ನಾನು ಹೊರಗೆ ಬಂದು ಬಂಡೆ ನೋಡುತ್ತ ಕೂತೆ. ನಾನು ಜಮೀನಿನ ಲೆಕ್ಕ ಹಾಕಿಕೊಂಡು ಹೋಗಿದ್ದೆ, ಅದೇ ಬೆಸುಗೆ ಅಂದುಕೊಂಡು. ಅವರು ಕೇಳಿದ್ದು ದುಡ್ಡಿಲ್ಲದ್ದು, ನನಗೆ ಅದಕ್ಕಿಂತ ಕಷ್ಟವಾದದ್ದು. ಭೂಮಿ ಕೊಟ್ಟರೆ ನಾನು ಉದಾರಿಯಾಗುತ್ತೇನೆ, ಊರು ಮತ್ತೆ ತಲೆದೂಗುತ್ತದೆ, ಹೊಸ ಕತೆ ಹುಟ್ಟುತ್ತದೆ. ನಿಜ ಹೇಳಿದರೆ ನಾನು ಆ ಅಪ್ಪನ ಮಗ, ಅಷ್ಟೇ.

ಗೌರಿ ಹಬ್ಬದ ದಿನ ಊಟವಾದ ಮೇಲೆ ಹೇಳಿದೆ. ಚೆನ್ನಾಗಿ ಹೇಳಲಿಲ್ಲ, ಮಾತು ತಡವರಿಸಿತು. ಅಮ್ಮ ಎದ್ದು ಒಳಗೆ ಹೋದಳು. ಅಣ್ಣ ತಟ್ಟೆ ನೋಡುತ್ತ ಕೂತಿದ್ದ, ಸಂಜೆಯ ಕಾಫಿಗೆ ನಿಲ್ಲದೆ ಬೆಂಗಳೂರಿಗೆ ಹೊರಟ. ಅವತ್ತಿನಿಂದ ಅವನು ಫೋನ್ ಮಾಡಿಲ್ಲ. ನಾನು ಮಾಡಿದರೆ ಎತ್ತುತ್ತಾನೆ, ಎರಡು ಮಾತಾಡಿ ಇಡುತ್ತಾನೆ. ಅಣ್ಣ ಎಚ್ಚರಿಸಿದ್ದು ಆಗಿದೆ, ಅವನು ಹೇಳಿದ್ದು ಸುಳ್ಳಾಗಲಿಲ್ಲ. ಇದನ್ನು ಬಚ್ಚಿಟ್ಟು ಎಲ್ಲ ಸುಖವಾಯಿತು ಅಂತ ಬರೆದರೆ ನಾನೂ ಅಪ್ಪನ ಹಾಗೆ ಒಂದು ಕತೆ ಕಟ್ಟಿದ ಹಾಗಾಗುತ್ತದೆ. ಅತ್ತೆ ಮಾತ್ರ ಆ ದಿನ ಬಾಗಿನ ತೆಗೆದುಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು, ಅಮ್ಮನ ಪಕ್ಕ ಅಡುಗೆಮನೆಯಲ್ಲಿ ಕತ್ತಲಾಗುವವರೆಗೂ ಕೂತಿದ್ದರು. ಇಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ.

ನನ್ನ 20 ಗುಂಟೆಯ 11ಇ ನಕ್ಷೆಗೆ ಅರ್ಜಿ ಹಾಕಿದ್ದೇನೆ. ಸರ್ವೆಯವರು ಇನ್ನೂ ಬಂದಿಲ್ಲ. ಕಾರು ಓಡುತ್ತಿದೆ. ವಾರಕ್ಕೊಮ್ಮೆ ಅತ್ತೆಯ ಊರಿನವರೆಗೆ ಹೋಗಿಬರುತ್ತೇನೆ, ರಾತ್ರಿ ನಿಲ್ಲಿಸುವಾಗ ಟ್ಯಾಂಕು ಆದಷ್ಟು ತುಂಬಿರುವ ಹಾಗೆ ನೋಡಿಕೊಳ್ಳುತ್ತೇನೆ. ನಿನ್ನೆ ನಾಲ್ಕನೇ ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಬಡಿದೆ. ಸ್ವಲ್ಪ ಕೆಂಪು ಪುಡಿ ಇತ್ತು, ಮೊದಲಿನಷ್ಟಲ್ಲ. ತೊಳೆದು ಮತ್ತೆ ಹಾಕಿದ್ದೇನೆ. ಮುಂದಿನ ತಿಂಗಳು ಇನ್ನೊಮ್ಮೆ ಬಿಚ್ಚಿ ನೋಡಬೇಕು.